ನೈಟ್ ಡ್ಯೂಟಿಯಲ್ಲಿ ಎಷ್ಟು ಜನ?

ಅಪ್ಪನಿಗೋ ಅಮ್ಮನಿಗೋ ವೃದ್ಧಾಶ್ರಮ ಹುಡುಕುವವರು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದು ಭಾನುವಾರ ಬೆಳಿಗ್ಗೆ, ಹತ್ತು ಹನ್ನೊಂದರ ಹೊತ್ತಿಗೆ. ಗಾಳಿ ಬೆಳಕು ಹೇಗಿದೆ, ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಹಾಕುತ್ತಾರೋ ಇಲ್ಲವೋ, ಬಾತ್‌ರೂಮು ಕೋಣೆಯೊಳಗೇ ಇದೆಯೋ, ವಾಕಿಂಗಿಗೆ ಜಾಗ ಉಂಟೋ, ಡಿಪಾಸಿಟ್ ಎಷ್ಟು, ಅದರಲ್ಲಿ ವಾಪಸ್ ಬರುವುದೆಷ್ಟು ಎಂದೆಲ್ಲ ವಿಚಾರಿಸುತ್ತಾರೆ. ಡಾಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂದೂ ಕೇಳುವವರಿದ್ದಾರೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅಲ್ಲಿ ಇರಬೇಕಾದವರ ಜೀವಕ್ಕೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ರಾತ್ರಿ ಎರಡು ಗಂಟೆಗೆ ಈ ಕಟ್ಟಡದಲ್ಲಿ ಎಚ್ಚರ ಇರುವವರು ಎಷ್ಟು ಜನ?

ವಯಸ್ಸಾದವರ ಆರೈಕೆ ಮನೆಗಳ ಆರೋಗ್ಯ, ಸುರಕ್ಷತೆಯ ಮಾನದಂಡಗಳೆಂದರೆ ನಮಗೆ ತಟ್ಟನೆ ನೆನಪಾಗುವುದು ಟೈಲ್ಸು, ಕೈಹಿಡಿ, ರ್‍ಯಾಂಪು, ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರು. ಇವು ಬೇಕು. ಆದರೆ ಅಲ್ಲಿ ಆಗುವ ಅನಾಹುತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹೆಚ್ಚಿನವುಗಳ ಬುಡದಲ್ಲಿ ಕೈಗಳ ಕೊರತೆ ಇರುತ್ತದೆ, ಅದರಲ್ಲೂ ರಾತ್ರಿಯ ಹೊತ್ತಿನ ಕೈಗಳ ಕೊರತೆ. ನಮ್ಮ ಕಾನೂನು ಸರಿಯಾಗಿ ಮುಟ್ಟದೆ ಬಿಟ್ಟಿರುವ ಜಾಗವೂ ಅದೇ.

ಈ ಮಾತು ಈಗ ಯಾಕೆ ಮುಖ್ಯ ಎನ್ನುವುದಕ್ಕೆ ಲೆಕ್ಕ ಇದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 14.9 ಕೋಟಿ, ಅಂದರೆ ಜನಸಂಖ್ಯೆಯ ಶೇ 10.5. 2050ಕ್ಕೆ ಅದು 34.7 ಕೋಟಿಯಾಗಿ, ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಈ ಪಾಲು ದೇಶದ ಸರಾಸರಿಗಿಂತ ಹೆಚ್ಚು.

ಸಂಖ್ಯೆಯ ಜತೆಗೆ ಆಶ್ರಮಕ್ಕೆ ಬರುವವರ ಸ್ಥಿತಿಯೂ ಬದಲಾಗಿದೆ. ಹಿಂದೆ ವೃದ್ಧಾಶ್ರಮ ಸೇರುತ್ತಿದ್ದವರು ಹೆಚ್ಚಾಗಿ ದಿಕ್ಕಿಲ್ಲದವರು, ಆದರೆ ಎದ್ದು ಓಡಾಡುವ ಚೈತನ್ಯ ಇದ್ದವರು. ಅವರಿಗೆ ಬೇಕಿದ್ದದ್ದು ಸೂರು, ಊಟ, ಜತೆಗೆ ಒಂದಿಷ್ಟು ಮಾತು. ಈಗ ಬೆಂಗಳೂರು, ಮೈಸೂರು, ಮಂಗಳೂರಿನ ಖಾಸಗಿ ಆರೈಕೆ ಮನೆಗಳಿಗೆ ಆಸ್ಪತ್ರೆಯಿಂದ ನೇರವಾಗಿ ಆಂಬುಲೆನ್ಸಿನಲ್ಲಿ ಬರುವವರಿದ್ದಾರೆ: ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಬಿದ್ದವರು, ಮೂಗಿಗೆ ಆಹಾರದ ನಳಿಕೆ ಹಾಕಿಸಿಕೊಂಡವರು, ಮೂತ್ರದ ಚೀಲ ಕಟ್ಟಿಕೊಂಡವರು, ಮಗಳನ್ನೇ ಗುರುತಿಸಲಾಗದ ಮರೆವಿನ ರೋಗಿಗಳು. ಮಕ್ಕಳು ಬೇರೆ ಊರಲ್ಲೋ ಬೇರೆ ದೇಶದಲ್ಲೋ ಇದ್ದಾರೆ. ಮನೆಯಲ್ಲಿ ಆಯಾ ಇಟ್ಟುಕೊಂಡರೆ ನಿಲ್ಲುವುದಿಲ್ಲ. ಹೀಗೆ ಬಡಾವಣೆಯ ಮೂರಂತಸ್ತಿನ ಬಾಡಿಗೆ ಮನೆಯೊಂದು ಬೋರ್ಡು ಹಾಕಿಕೊಂಡು ಆರೈಕೆ ಕೇಂದ್ರವಾಗುತ್ತದೆ. ಕೆಲಸ ಆಸ್ಪತ್ರೆಯದ್ದು, ಕಟ್ಟಡ ಸಂಸಾರದ್ದು, ಸಿಬ್ಬಂದಿ ಹಾಸ್ಟೆಲಿಗೆ ಸಾಕಾಗುವಷ್ಟು.

ಮೊದಲು ಬೀಳುವುದನ್ನು ನೋಡೋಣ. ವಯಸ್ಸಾದವರು ಹೆಚ್ಚಾಗಿ ಬೀಳುವ ದಾರಿಗಳಲ್ಲಿ ಒಂದು, ಹಾಸಿಗೆಯಿಂದ ಬಚ್ಚಲಿಗೆ ಹೋಗುವ ನಾಲ್ಕೈದು ಮಾರು. ಎಂಬತ್ತರ ಅಜ್ಜ ರಾತ್ರಿ ಮೂತ್ರಕ್ಕೆಂದು ಏಳುತ್ತಾರೆ. ರಕ್ತದೊತ್ತಡದ ಮಾತ್ರೆ ತಗೊಂಡಿರುವುದರಿಂದ ಎದ್ದ ಕೂಡಲೇ ಒತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ನಿದ್ದೆ ಮಾತ್ರೆಯ ಅಮಲು ಇನ್ನೂ ಪೂರ್ತಿ ಇಳಿದಿಲ್ಲ. ಕನ್ನಡಕ ಎಲ್ಲಿಟ್ಟದ್ದೋ ಗೊತ್ತಿಲ್ಲ, ಹವಾಯಿ ಚಪ್ಪಲಿಯ ಒಂದು ಕಾಲು ಮಾತ್ರ ಸಿಕ್ಕಿದೆ. ಬಚ್ಚಲ ಬಾಗಿಲಲ್ಲಿ ನೀರು ಹೊರಗೆ ಬರದಿರಲಿ ಎಂದು ಕಟ್ಟಿದ ಎರಡಂಗುಲದ ಹೊಸ್ತಿಲು. ಕರೆಗಂಟೆ ಇದೆ, ಆದರೆ ಒತ್ತಿದರೆ ಬರುವವರು ಕೆಳ ಅಂತಸ್ತಿನಲ್ಲಿ ಇನ್ನೊಬ್ಬರ ಬಟ್ಟೆ ಬದಲಿಸುತ್ತಿದ್ದಾರೆ. ಅಜ್ಜ ಎರಡು ನಿಮಿಷ ಕಾದು, ತಾನೇ ಹೋಗುತ್ತಾರೆ. ಸೊಂಟದ ಮೂಳೆ ಮುರಿಯುವುದು ಹೀಗೆ. ಆ ಮುರಿತವಾದ ವರ್ಷದೊಳಗೆ ಐವರಲ್ಲಿ ಒಬ್ಬರಾದರೂ ತೀರಿಕೊಳ್ಳುತ್ತಾರೆ ಎಂಬುದು ಹಲವು ದೇಶಗಳ ಅನುಭವ. ಉಳಿದವರಲ್ಲಿ ಅನೇಕರು ಮತ್ತೆ ಮೊದಲಿನ ಹಾಗೆ ನಡೆಯುವುದಿಲ್ಲ.

ಇದನ್ನು ತಡೆಯಲು ದುಬಾರಿ ಯಂತ್ರ ಏನೂ ಬೇಡ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿಯ ಬದಲು ಬೆಳಿಗ್ಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಹಾಸಿಗೆಯಿಂದ ಬಚ್ಚಲವರೆಗೆ ನೆಲಮಟ್ಟದಲ್ಲಿ ಸಣ್ಣ ದೀಪ ಉರಿಯುತ್ತಿರಬೇಕು. ಕಮೋಡಿನ ಪಕ್ಕ ಕೈಹಿಡಿ ಇರಬೇಕು, ಬಚ್ಚಲ ಬಾಗಿಲು ಹೊರಗೆ ತೆರೆಯುವಂತಿರಬೇಕು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಕ್ಕೆ ತಳ್ಳುವ ಬಾಗಿಲು ತೆರೆಯುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ, ಮಧ್ಯರಾತ್ರಿ ಒಮ್ಮೆ ಬಂದು 'ಅಜ್ಜಾ, ಹೋಗಿ ಬರೋಣ್ವಾ' ಎಂದು ಕೇಳುವ ಒಬ್ಬರು ಬೇಕು.

ಎರಡನೆಯದು ಬೆಡ್ ಸೋರ್. ಹಾಸಿಗೆ ಹಿಡಿದವರ ಬೆನ್ನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಹೀಗೆ ಮೂಳೆ ಚರ್ಮಕ್ಕೆ ಒತ್ತುವ ಕಡೆಗಳಲ್ಲಿ ರಕ್ತ ಓಡಾಡದೆ ಮಾಂಸ ಸಾಯುತ್ತದೆ. ಮೊದಲು ಕಾಣುವುದು ಬರೀ ಕೆಂಪು. ಬೆರಳಿಂದ ಒತ್ತಿ ಬಿಟ್ಟಾಗ ಆ ಕೆಂಪು ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪೂ ಸುಲಭಕ್ಕೆ ಕಾಣದು, ಮುಟ್ಟಿದಾಗಿನ ಬಿಸಿ, ಗಡಸು ನೋಡಿ ತಿಳಿಯಬೇಕು. ಕಡೆಗಣಿಸಿದರೆ ಕೆಲವೇ ದಿನಗಳಲ್ಲಿ ಅದು ಮೂಳೆ ಕಾಣುವಷ್ಟು ಆಳದ ಗಾಯವಾಗಿ, ಸೋಂಕು ರಕ್ತಕ್ಕೇರಬಹುದು. ಏರ್ ಬೆಡ್ ಸಹಾಯ ಮಾಡುತ್ತದೆ, ಆದರೆ ಅದರ ಮೇಲೂ ಮಗ್ಗುಲು ಬದಲಿಸಲೇಬೇಕು. ಸುಮಾರು ಎರಡು ಗಂಟೆಗೊಮ್ಮೆ ಎಂಬುದು ನರ್ಸಿಂಗ್ ವಿದ್ಯಾರ್ಥಿಗಳು ಮೊದಲ ವರ್ಷವೇ ಕಲಿಯುವ ರೂಢಿ.

ಈ ಎರಡು ಗಂಟೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ. ಒಂದು ಆಶ್ರಮದಲ್ಲಿ ಹಾಸಿಗೆ ಹಿಡಿದವರು ಹತ್ತು ಜನ ಇದ್ದಾರೆ ಎನ್ನಿ. ಒಬ್ಬರ ಮಗ್ಗುಲು ಬದಲಿಸಿ, ಡೈಪರ್ ನೋಡಿ, ಬೇಕಿದ್ದರೆ ಬದಲಿಸಿ, ದಿಂಬು ಇಟ್ಟು, ಕೈ ತೊಳೆದು ಮುಂದಿನ ಹಾಸಿಗೆಗೆ ಹೋಗಲು ಹತ್ತು ನಿಮಿಷ. ಹತ್ತು ಜನಕ್ಕೆ ನೂರು ನಿಮಿಷ. ಒಂದು ಸುತ್ತು ಮುಗಿದು ಇಪ್ಪತ್ತು ನಿಮಿಷಕ್ಕೆ ಮುಂದಿನ ಸುತ್ತು ಶುರು. ಅಂದರೆ ಒಬ್ಬ ಆಯಾ ರಾತ್ರಿಯಿಡೀ ಬೇರೇನೂ ಮಾಡದೆ ಇದನ್ನೇ ಮಾಡಬೇಕು: ಕರೆಗಂಟೆಗೆ ಓಗೊಡುವಂತಿಲ್ಲ, ಎದ್ದು ಓಡಾಡುವ ಮರೆವಿನ ರೋಗಿಯನ್ನು ಹಿಡಿಯುವಂತಿಲ್ಲ, ಚಹಾ ಕುಡಿಯುವಂತಿಲ್ಲ. ಮೈ ಭಾರ ಇರುವವರನ್ನು ಚರ್ಮ ಉಜ್ಜದಂತೆ ಎತ್ತಿ ಹೊರಳಿಸಲು ಇಬ್ಬರು ಬೇಕು ಎನ್ನುವುದನ್ನು ಇಲ್ಲಿ ಸೇರಿಸಿಯೇ ಇಲ್ಲ. ಒಬ್ಬರನ್ನೇ ನೈಟ್ ಡ್ಯೂಟಿಗೆ ಹಾಕಿರುವ ಕಡೆ ಮಗ್ಗುಲು ಬದಲಾಗುತ್ತಿಲ್ಲ ಎಂದು ಹೇಳಲು ತಜ್ಞರ ಸಮಿತಿ ಬೇಕಿಲ್ಲ, ಗುಣಾಕಾರ ಸಾಕು.

ಆದರೂ ಚಾರ್ಟು ತುಂಬಿರುತ್ತದೆ. ಹಾಸಿಗೆಯ ತಲೆದೆಸೆಯಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ ಹಾಳೆ: ಎಡ, ಬೆನ್ನು, ಬಲ, ಪಕ್ಕದಲ್ಲಿ ಸಮಯ, ಪಕ್ಕದಲ್ಲಿ ಸಹಿ. ಸ್ವಲ್ಪ ಹತ್ತಿರ ಹೋಗಿ ನೋಡಿ. ರಾತ್ರಿ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಎಲ್ಲವೂ ಒಂದೇ ಪೆನ್ನು, ಒಂದೇ ಒತ್ತು, ಅಕ್ಷರಗಳು ಒಂದೇ ಓರೆಯಲ್ಲಿ ಇಳಿದಿದ್ದರೆ, ಆ ಹಾಳೆ ಬೆಳಿಗ್ಗೆ ಆರಕ್ಕೆ ಒಂದೇ ಉಸಿರಿಗೆ ತುಂಬಿದ್ದು. ಹಗಲು ಹನ್ನೊಂದಕ್ಕೆ ಹೋದಾಗಲೇ ಮಧ್ಯಾಹ್ನ ಎರಡರ ಸಹಿಯೂ ಬಿದ್ದಿರುವುದು ಇನ್ನೂ ಒಳ್ಳೆಯ ಸಾಕ್ಷಿ. ಇದರಲ್ಲಿ ಆಯಾಳನ್ನು ದೂರಿ ಪ್ರಯೋಜನವಿಲ್ಲ. ಆಗದ ಕೆಲಸಕ್ಕೆ ಸಹಿ ಹಾಕು ಎಂದರೆ ಯಾರಾದರೂ ಹೀಗೆಯೇ ಹಾಕುತ್ತಾರೆ.

ಕೈಗಳು ಕಡಿಮೆಯಾದಾಗ ಅವಸರ ಹುಟ್ಟುತ್ತದೆ. ಅವಸರದಿಂದ ಆಗುವ ಸಾವುಗಳಿಗೆ ಬೇರೆಯೇ ಹೆಸರು ಬರೆಯುತ್ತಾರೆ. ಪಾರ್ಶ್ವವಾಯುವಾದವರಿಗೆ, ಮರೆವು ಮುಂದುವರಿದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಅವರನ್ನು ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಟ್ಟು, ಊಟವಾಗಿ ಅರ್ಧ ಗಂಟೆ ಕೂತೇ ಇರುವಂತೆ ನೋಡಿಕೊಳ್ಳಬೇಕು. ಮಲಗಿದವರ ಬಾಯಿಗೆ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಲ್ಕು ದಿನದ ಮೇಲೆ ಬರುವ ಜ್ವರಕ್ಕೆ ನ್ಯುಮೋನಿಯಾ ಎಂದು ಬರೆಯುತ್ತಾರೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ಯಾರೂ ನೆನಪಿಸಿ ನೀರು ಕೊಡದಿದ್ದರೆ ಮೂತ್ರದ ಸೋಂಕು ಬರುತ್ತದೆ. ಅದು ಜ್ವರವಾಗಿ ಕಾಣದೆ, ಇದ್ದಕ್ಕಿದ್ದಂತೆ ತಲೆಬುಡವಿಲ್ಲದ ಮಾತಾಗಿ ಕಾಣಬಹುದು. 'ಅಜ್ಜಿಗೆ ಅರಳುಮರಳು' ಎಂದು ಬಿಟ್ಟರೆ ಸೋಂಕು ಬೆಳೆಯುತ್ತದೆ.

ಮಾತ್ರೆಯದೂ ಅದೇ ಕತೆ. ಒಬ್ಬೊಬ್ಬರಿಗೆ ದಿನಕ್ಕೆ ಎಂಟು ಹತ್ತು ಮಾತ್ರೆ, ಮೂವತ್ತು ಜನಕ್ಕೆ ಮುನ್ನೂರು. ಹೆಸರು ಒಂದೇ ಥರ ಇರುವ ಸ್ಟ್ರಿಪ್ಪುಗಳು, ಒಂದೇ ಕೋಣೆಯಲ್ಲಿ ಇಬ್ಬರು ಸರೋಜಮ್ಮಂದಿರು. ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯಲ್ಲಿ ಇರಬೇಕು. ಹಾಲು, ಮೊಸರು, ಹಿಟ್ಟಿನ ಜತೆ ಅಡುಗೆಮನೆ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟರೆ ದಿನಕ್ಕೆ ನೂರು ಸಲ ತೆರೆಯುವ ಬಾಗಿಲದು. ಇನ್ನು ಕಜ್ಜಿ. ಕೇಳಲು ಸಣ್ಣ ವಿಷಯ. ಆದರೆ ಒಬ್ಬರಿಗೆ ಬಂದರೆ ಹಾಸಿಗೆ, ಟವೆಲ್, ಆರೈಕೆ ಮಾಡುವವರ ಕೈಗಳ ಮೂಲಕ ಇಡೀ ಆಶ್ರಮ ಸುತ್ತುತ್ತದೆ. ತುರಿಕೆ ಇರುವವರಿಗೆ ಮಾತ್ರ ಮುಲಾಮು ಹಚ್ಚಿದರೆ ಹೋಗುವುದಿಲ್ಲ. ಸಿಬ್ಬಂದಿಯೂ ಸೇರಿ ಸಂಪರ್ಕಕ್ಕೆ ಬಂದವರೆಲ್ಲರಿಗೂ ಒಂದೇ ಹೊತ್ತಿಗೆ ಹಚ್ಚಿ, ಬಟ್ಟೆಬರೆಯನ್ನೆಲ್ಲ ಬಿಸಿನೀರಲ್ಲಿ ಒಗೆಯಬೇಕು. ಅದನ್ನು ಮಾಡಲಿಕ್ಕೂ ಕೈ ಬೇಕು.

ಬೆಂಕಿಯ ವಿಷಯಕ್ಕೆ ಬಂದರೆ ರಾತ್ರಿಯ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. 2023ರ ಜನವರಿ 1ರ ನಸುಕಿನಲ್ಲಿ ದಕ್ಷಿಣ ದಿಲ್ಲಿಯ ಗ್ರೇಟರ್ ಕೈಲಾಶ್ ಬಡಾವಣೆಯ ಹಿರಿಯರ ಆರೈಕೆ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ಸತ್ತರು. 2014ರ ಜನವರಿ 23ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಿಲ್-ವೆರ್ಟ್ ಎಂಬ ಸಣ್ಣ ಊರಿನ ವೃದ್ಧರ ವಸತಿಗೆ ಮಧ್ಯರಾತ್ರಿ ಕಳೆದ ಮೇಲೆ ಬೆಂಕಿ ಹತ್ತಿ 32 ಜನ ಸತ್ತರು. ಆ ಕಟ್ಟಡದ ಹೊಸ ಭಾಗದಲ್ಲಿ ಬೆಂಕಿ ಬಿದ್ದರೆ ತಾನಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇತ್ತು, ಹಳೆಯ ಭಾಗದಲ್ಲಿ ಇರಲಿಲ್ಲ. ಒಂದೇ ಸೂರಿನಡಿ ಬದುಕು ಒಂದು ಕಡೆ, ಸಾವು ಇನ್ನೊಂದು ಕಡೆ. ಆಮೇಲೆ ಕ್ವಿಬೆಕ್ ಸರ್ಕಾರ ಇಂಥ ವಸತಿಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯ ಮಾಡಲು ಹೊರಟಿತು.

ನಡೆಯಲಾಗದವರ ಕಟ್ಟಡದಲ್ಲಿ ಬೆಂಕಿಯ ಲೆಕ್ಕಾಚಾರವೇ ಬೇರೆ. ಆಫೀಸಿನಲ್ಲಿ ಅಲಾರಾಂ ಆದರೆ ಮೆಟ್ಟಿಲಿಳಿದು ಓಡಬಹುದು. ಇಲ್ಲಿ ಪ್ರತಿಯೊಬ್ಬರನ್ನೂ ಎತ್ತಬೇಕು. ಅದಕ್ಕೇ ಆಸ್ಪತ್ರೆಗಳ ವಿನ್ಯಾಸದಲ್ಲಿ, ಕೆಳಗಿಳಿಸುವ ಬದಲು ಅದೇ ಅಂತಸ್ತಿನ ಬೆಂಕಿ ತಡೆಯುವ ಬಾಗಿಲಿನಾಚೆಗೆ ಹಾಸಿಗೆ ಸಮೇತ ತಳ್ಳಿಕೊಂಡು ಹೋಗುವ ವ್ಯವಸ್ಥೆ ಮಾಡುತ್ತಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವೃದ್ಧರು, ಅಶಕ್ತರ ವಸತಿಗಳನ್ನು ಆಸ್ಪತ್ರೆಗಳಿರುವ 'ಸಿ' ಗುಂಪಿನಲ್ಲೇ, ಸಾಂಸ್ಥಿಕ ಕಟ್ಟಡಗಳೆಂದು ಇಟ್ಟಿದೆ. ಆದರೆ ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯ, ನಗರಗಳು ತಮ್ಮ ನಿಯಮಕ್ಕೆ ತಂದುಕೊಂಡಷ್ಟೇ ಅದಕ್ಕೆ ಬಲ. ಸಂಸಾರಕ್ಕೆಂದು ನಕ್ಷೆ ಪಾಸಾದ ಮನೆಯಲ್ಲಿ ಒಂದೇ ಮೆಟ್ಟಿಲು, ಪ್ರತಿ ಕಿಟಕಿಗೂ ಕಬ್ಬಿಣದ ಗ್ರಿಲ್ಲು. ಮರೆವಿನವರು ಹೊರಗೆ ಹೋಗದಿರಲೆಂದು ಮೆಟ್ಟಿಲ ಬಾಯಿಗೆ ಎಳೆಯುವ ಕಬ್ಬಿಣದ ಗೇಟು, ಅದಕ್ಕೆ ಬೀಗ, ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ. ವಾಚ್‌ಮನ್ ಎಲ್ಲಿ ಮಲಗುತ್ತಾನೆ ಎಂಬುದೇ ಆಗ ಆ ಮನೆಯ ಅಗ್ನಿ ಸುರಕ್ಷತಾ ಯೋಜನೆ.

ಕರೆಂಟು ಹೋಗುವುದನ್ನೂ ನಾವು ಅನಾಹುತ ಎಂದು ಎಣಿಸುವುದಿಲ್ಲ. ಆಕ್ಸಿಜನ್ ಕಾನ್ಸಂಟ್ರೇಟರ್, ಏರ್ ಬೆಡ್ಡಿನ ಪಂಪು, ಕಫ ಎಳೆಯುವ ಯಂತ್ರ, ಲಿಫ್ಟು ಎಲ್ಲವೂ ಕರೆಂಟಿನ ಮೇಲೆ ನಿಂತಿವೆ. 2017ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇರ್ಮಾ ಚಂಡಮಾರುತಕ್ಕೆ ನರ್ಸಿಂಗ್ ಹೋಂ ಒಂದರ ಎಸಿ ನಿಂತು, ಸೆಖೆಗೆ ಸಿಕ್ಕಿ ಒಟ್ಟು 12 ಜನ ಸತ್ತರು. ದೊಡ್ಡ ಆಸ್ಪತ್ರೆ ಹತ್ತಿರದಲ್ಲೇ ಇತ್ತು. ಮರುವರ್ಷ ಆ ರಾಜ್ಯ ಜನರೇಟರ್ ಕಡ್ಡಾಯ ಮಾಡಿ, 96 ಗಂಟೆ ಕಾಲ ಒಳಗಿನ ಸೆಖೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳಬೇಕೆಂದು ಕಾನೂನು ತಂದಿತು. ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ತಿಂಗಳುಗಳನ್ನು ಕಂಡವರಿಗೆ ಈ ನಿಯಮದ ಅರ್ಥವನ್ನು ವಿವರಿಸಿ ಹೇಳಬೇಕಿಲ್ಲ.

ಕೈಗಳ ಕೊರತೆಯ ಅತಿ ಕೆಟ್ಟ ಪರಿಹಾರ, ಕಟ್ಟಿಹಾಕುವುದು. ನಳಿಕೆ ಕಿತ್ತುಕೊಳ್ಳುತ್ತಾರೆ ಎಂದು ಕೈಗೆ ಬಟ್ಟೆ ಸುತ್ತಿ ಮಂಚಕ್ಕೆ ಕಟ್ಟುವುದು, ಎದ್ದು ಓಡಾಡುತ್ತಾರೆ ಎಂದು ರಾತ್ರಿ ಎಂಟಕ್ಕೇ ನಿದ್ದೆಯ ಔಷಧ ಹೆಚ್ಚಾಗಿ ಕೊಡುವುದು. ಎರಡೂ 'ಅವರ ಸುರಕ್ಷತೆಗಾಗಿ' ಎಂಬ ಹೆಸರಿನಲ್ಲೇ ನಡೆಯುತ್ತವೆ. ಕಟ್ಟಿಹಾಕಿದವರು ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ. ಕೆಲವೇ ವಾರಗಳಲ್ಲಿ ಕಾಲಿನ ಸ್ನಾಯು ಕರಗುತ್ತದೆ, ಬೆಡ್ ಸೋರ್ ಬರುತ್ತದೆ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯವರಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ, ಕಟ್ಟುವುದಕ್ಕೆ ಬಿಗಿಯಾದ ಷರತ್ತು ಹಾಕಿದೆ. ಆದರೆ ಬಡಾವಣೆಯ ಆರೈಕೆ ಮನೆ ತಾನು ಆ ಕಾಯ್ದೆಯಡಿ ಬರುತ್ತೇನೆ ಎಂದು ಎಣಿಸುವುದೇ ಅಪರೂಪ.

ಹಾಗಾದರೆ ಅದು ಯಾವ ಕಾನೂನಿನಡಿ ಬರುತ್ತದೆ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ ಎಲ್ಲರಿಗೂ ಗೊತ್ತಿರುವುದು ಮಕ್ಕಳಿಂದ ಜೀವನಾಂಶ ಕೊಡಿಸುವ, ಉಪವಿಭಾಗಾಧಿಕಾರಿ ಮುಂದೆ ನಡೆಯುವ ಪ್ರಕರಣಗಳಿಂದ. ಅದರ 19ನೇ ಸೆಕ್ಷನ್ ವೃದ್ಧಾಶ್ರಮಗಳದ್ದು: ರಾಜ್ಯ ಸರ್ಕಾರ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಆಶ್ರಮಗಳನ್ನು ಹಂತಹಂತವಾಗಿ ಸ್ಥಾಪಿಸಬಹುದು, ಅವುಗಳ ನಿರ್ವಹಣೆಗೆ ಮಾನದಂಡ ರೂಪಿಸಬಹುದು. ಗಮನಿಸಿ, 'ಬಹುದು'. ಕೇಂದ್ರ ಹೊರಡಿಸಿದ ಮಾದರಿ ನಿಯಮಗಳು ಮಲಗುವ ಕೋಣೆಯಲ್ಲಿ ತಲೆಗೆ 7.5 ಚದರ ಮೀಟರ್ ಜಾಗ ಎಂಬಂಥ ಅಳತೆಗಳನ್ನು ಕೊಡುತ್ತವೆ. ಆದರೆ ಇದೆಲ್ಲ ಸರ್ಕಾರದ ಆಶ್ರಮಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು; ತಿಂಗಳಿಗೆ ಇಷ್ಟೆಂದು ದುಡ್ಡು ತೆಗೆದುಕೊಂಡು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಖಾಸಗಿ ಮನೆಗಳನ್ನು ಅದು ಹಿಡಿಯುವುದಿಲ್ಲ. ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳಿಗೆ ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನಾವು ಚಿಕಿತ್ಸೆ ಕೊಡುವುದಿಲ್ಲ, ಬರೀ ಆರೈಕೆ ಎನ್ನುವವರು ಅದರ ಬಾಗಿಲಿನಾಚೆ ನಿಲ್ಲುತ್ತಾರೆ.

ಈ ತೆರಪು ದಿಲ್ಲಿಗೆ ಗೊತ್ತಿಲ್ಲದ್ದೇನಲ್ಲ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಶ್ವನಿ ಕುಮಾರ್ ಪ್ರಕರಣದಲ್ಲಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಮಾಹಿತಿಯನ್ನು ರಾಜ್ಯಗಳಿಂದ ತರಿಸಿಕೊಳ್ಳಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಖಾಸಗಿ ಆರೈಕೆ ಮನೆಗಳೂ ನೋಂದಣಿ ಮಾಡಿಸಬೇಕು, ಕನಿಷ್ಠ ಮಾನದಂಡ ಪಾಲಿಸಬೇಕು ಎಂಬ ಮಾತು ಇತ್ತು. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು.

ನೋಂದಣಿ, ತಪಾಸಣೆ ಬಂದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಅನುಭವ ಉಪಯುಕ್ತ. ಅಲ್ಲಿಯ ಯಶಸ್ಸಿನಷ್ಟೇ ಅಲ್ಲಿಯ ಕಳ್ಳಾಟವೂ ನಮಗೆ ಪಾಠ. 1987ರಲ್ಲಿ ಬಂದ ಸುಧಾರಣಾ ಕಾನೂನು, ಸರ್ಕಾರದ ದುಡ್ಡು ಪಡೆಯುವ ನರ್ಸಿಂಗ್ ಹೋಂಗಳಲ್ಲಿ ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವಂತಿಲ್ಲ ಎಂದಿತು, ಹೇಳದೆ ಕೇಳದೆ ತಪಾಸಣೆಗೆ ಬರುವ ವ್ಯವಸ್ಥೆಯನ್ನು ಗಟ್ಟಿ ಮಾಡಿತು. 1991ರಲ್ಲಿ ಐವರಲ್ಲಿ ಒಬ್ಬರನ್ನು ಕಟ್ಟುತ್ತಿದ್ದದ್ದು 2007ರ ಹೊತ್ತಿಗೆ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಸಿಬ್ಬಂದಿ ಸಂಖ್ಯೆಯಲ್ಲಿ ಮಾತ್ರ ಕಣ್ಣಿಗೆ ಮಣ್ಣೆರಚುವುದು ನಡೆದೇ ಇತ್ತು. ತಪಾಸಣೆಯ ಹೊತ್ತಿನ ಎರಡು ವಾರದ ಲೆಕ್ಕವನ್ನು ಸಂಸ್ಥೆಗಳೇ ಬರೆದುಕೊಡುತ್ತಿದ್ದವು. 2016ರಿಂದ ಸಂಬಳದ ಪಟ್ಟಿಯ ಆಧಾರದ ಮೇಲೆ ದಿನವಾರು ಲೆಕ್ಕ ಕಡ್ಡಾಯವಾದಾಗ, ಹಿಂದೆ ಹೇಳಿಕೊಂಡಿದ್ದಕ್ಕಿಂತ ಜನ ಕಡಿಮೆ ಎಂಬುದೂ, ಶನಿವಾರ ಭಾನುವಾರ ಇನ್ನೂ ಕಡಿಮೆ ಎಂಬುದೂ ಬಯಲಾಯಿತು. ಹಾಜರಿ ಪುಸ್ತಕ ಸುಳ್ಳು ಹೇಳಬಹುದು. ಸಂಬಳ ಕೊಟ್ಟ ಲೆಕ್ಕ ಅಷ್ಟು ಸುಲಭಕ್ಕೆ ಹೇಳುವುದಿಲ್ಲ.

ಅಲ್ಲಿಯೂ ಹೋರಾಟ ಮುಗಿದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಪ್ರತಿಯೊಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 3.48 ಗಂಟೆಯ ಶುಶ್ರೂಷೆ, ಇಪ್ಪತ್ತನಾಲ್ಕು ಗಂಟೆಯೂ ಒಬ್ಬ ನೋಂದಾಯಿತ ನರ್ಸ್ ಎಂಬ ನಿಯಮ ತಂದಾಗ ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. 2025ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮಾಲೀಕರ ವಾದ, ಅಷ್ಟು ನರ್ಸುಗಳು ಸಿಗುವುದಿಲ್ಲ, ಅಷ್ಟು ದುಡ್ಡಿಲ್ಲ.

ಇದೇ ವಾದ ನಮ್ಮಲ್ಲೂ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಮಠವೋ ಟ್ರಸ್ಟೋ ದಾನದ ಅಕ್ಕಿಯಲ್ಲಿ ನಡೆಸುವ ಆಶ್ರಮಕ್ಕೆ ಐಸಿಯುವಿನ ನಿಯಮ ಹೇರಿದರೆ ಅದು ಬಾಗಿಲು ಮುಚ್ಚುತ್ತದೆ. ಅಲ್ಲಿದ್ದವರು ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ಆದ್ದರಿಂದ ಕಟ್ಟಡದ ಬೋರ್ಡಿಗೆ ಮಾನದಂಡ ಕಟ್ಟುವ ಬದಲು ಅಲ್ಲಿರುವವರ ಸ್ಥಿತಿಗೆ ಕಟ್ಟಬೇಕು. ಎದ್ದು ಓಡಾಡುವ ಇಪ್ಪತ್ತು ಜನಕ್ಕೆ ರಾತ್ರಿ ಒಬ್ಬರು ಎಚ್ಚರ ಇದ್ದರೆ ನಡೆದೀತು. ಹಾಸಿಗೆ ಹಿಡಿದ ಇಪ್ಪತ್ತು ಜನಕ್ಕೆ ಒಬ್ಬರು ಎಂದರೆ ಅದು ಆರೈಕೆಯಲ್ಲ, ಕಾವಲು. ಇಷ್ಟೇ ಜನರಿಂದ ಇಂಥವರನ್ನು ನೋಡಿಕೊಳ್ಳಲು ಆಗದು ಎಂದು ಗೊತ್ತಿದ್ದೂ ಸೇರಿಸಿಕೊಳ್ಳುವುದನ್ನು ನಿಲ್ಲಿಸುವುದೇ ಮೊದಲ ಮಾನದಂಡ ಆಗಬೇಕು. ಆ ಕೈಗಳೂ ಮನುಷ್ಯರ ಕೈಗಳೇ ಎಂಬುದನ್ನು ಮರೆಯಬಾರದು. ಊರು ಬಿಟ್ಟು ಬಂದ ಹುಡುಗಿಯರು ಹನ್ನೆರಡು ಗಂಟೆಯ ಪಾಳಿ ಮುಗಿಸಿ, ಬದಲಿಗೆ ಬರಬೇಕಾದವರು ಬಾರದೆ ಇನ್ನೊಂದು ಪಾಳಿಗೆ ನಿಲ್ಲುವ ಕಡೆ, ತಲೆ ಲೆಕ್ಕದಲ್ಲಿ ಇಬ್ಬರಿದ್ದರೂ ಎಚ್ಚರದ ಲೆಕ್ಕದಲ್ಲಿ ಯಾರೂ ಇರುವುದಿಲ್ಲ.

ಕುಟುಂಬದವರು ಕೇಳಬಹುದಾದ್ದು ಇಷ್ಟು. ನೈಟ್ ಡ್ಯೂಟಿಯಲ್ಲಿ ಎಷ್ಟು ಜನ, ಅವರಲ್ಲಿ ನರ್ಸಿಂಗ್ ಓದಿದವರು ಎಷ್ಟು, ಹಾಸಿಗೆ ಹಿಡಿದವರು ಒಟ್ಟು ಎಷ್ಟು. ಈ ಆರು ತಿಂಗಳಲ್ಲಿ ಎಷ್ಟು ಜನ ಬಿದ್ದಿದ್ದಾರೆ, ಎಷ್ಟು ಜನಕ್ಕೆ ಇಲ್ಲಿಗೆ ಬಂದ ಮೇಲೆ ಬೆಡ್ ಸೋರ್ ಆಗಿದೆ. 'ಒಬ್ಬರಿಗೂ ಇಲ್ಲ' ಎನ್ನುವವರಿಗಿಂತ ಪುಸ್ತಕ ತೆಗೆದು ತೋರಿಸುವವರು ಮೇಲು. ಗೇಟಿನ ಬೀಗದ ಕೈ ಎಲ್ಲಿರುತ್ತದೆ. ಮಧ್ಯರಾತ್ರಿ ಉಸಿರಾಟ ಕೆಟ್ಟರೆ ಯಾವ ಆಸ್ಪತ್ರೆ, ಯಾವ ಗಾಡಿ, ಜತೆಗೆ ಹೋಗುವವರು ಯಾರು, ಅವರು ಹೋದರೆ ಇಲ್ಲಿ ಉಳಿಯುವವರು ಯಾರು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ದೂರು ಕೊಡಬಹುದು. ಆದರೆ ಅದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ. ಆಮೇಲೆ ತುರ್ತು ಇದ್ದರೆ 112.

ಆದರೆ ಪ್ರಶ್ನೆ ಕೇಳುವ ಮಕ್ಕಳಿರುವವರಿಗೆ ಮಾತ್ರ ಸುರಕ್ಷತೆ ಎಂದಾಗಬಾರದು. ಕರ್ನಾಟಕದಲ್ಲಿ ಲಿಫ್ಟು, ಎಸ್ಕಲೇಟರುಗಳಿಗೆ 2012ರ ಪ್ರತ್ಯೇಕ ಕಾಯ್ದೆಯೇ ಇದೆ. ವಿದ್ಯುತ್ ಪರಿವೀಕ್ಷಕರು ಬಂದು ನೋಡಿಯೇ ಪರವಾನಗಿ ಕೊಡಬೇಕು. ಆ ಲಿಫ್ಟಿನಲ್ಲಿ ಗಾಲಿಕುರ್ಚಿ ತಳ್ಳುವವರು ರಾತ್ರಿ ಇದ್ದಾರೋ ಇಲ್ಲವೋ ಎಂದು ನೋಡುವವರಿಲ್ಲ. ದಿಲ್ಲಿಯ ಮಸೂದೆ ಮತ್ತೆ ಬರುವವರೆಗೆ ರಾಜ್ಯ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಸರ್ಕಾರದ ಅನುದಾನ ಪಡೆಯುವ ಆಶ್ರಮಗಳ ಮೇಲೆ ಷರತ್ತು ಹಾಕಲು ಹೊಸ ಕಾನೂನು ಬೇಡ. ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಅಲ್ಲಿಂದಲೇ ಶುರು ಮಾಡಲಿ: ರಾತ್ರಿ ಪಾಳಿಯವರ ಹೆಸರುಗಳು ಬಾಗಿಲಲ್ಲಿ ಬರೆದಿರಬೇಕು, ಸಂಬಳದ ಪಟ್ಟಿಯ ಜತೆ ಅದನ್ನು ತಾಳೆ ನೋಡಬೇಕು, ತಪಾಸಣೆಗೆ ಬರುವ ಅಧಿಕಾರಿ ವರ್ಷಕ್ಕೆ ಒಂದು ಸಲವಾದರೂ ಕತ್ತಲಾದ ಮೇಲೆ ಹೇಳದೆ ಬರಬೇಕು, ಕಂಡದ್ದನ್ನು ಜನ ಓದುವ ಹಾಗೆ ಪ್ರಕಟಿಸಬೇಕು. ಈ ನಾಲ್ಕು ಷರತ್ತಿಗೆ ಖರ್ಚು ಅಷ್ಟಕ್ಕಷ್ಟೆ. ಇವಕ್ಕೂ ಒಪ್ಪದ ಆಶ್ರಮಕ್ಕೆ ಅನುದಾನ ಯಾಕೆ ಹೋಗಬೇಕು ಎಂದು ಇಲಾಖೆ ಉತ್ತರಿಸಲಿ.